ಹಳೆಯ ಬಟ್ಟೆಯಿಂದ ಕೌದಿ ಮತ್ತು ಬಟ್ಟೆಯ ಎತ್ತು

(ಹುಮನಾಬಾದ್ ವಿಭಾಗದ ರೈತರು ಮತ್ತು ಮಹಿಳಾ ಸಂಘಗಳ ಸದಸ್ಯರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ತೊಗರಿಯ ಕಾಯಿಕೊರಕ, ಕಬ್ಬಿನ ನೀರು ಇವುಗಳನ್ನು ಕುರಿತು ನೀವು ಎಷ್ಟೋ ಭಾಷಣಗಳನ್ನು ಕೇಳಿದ್ದೀರಿ. ಇಂದು ನಾನು ಹೇಳಬೇಕೆಂದಿರುವುದು ಮನೆಯ ಅಟ್ಟದ ಮೇಲೆ ಗಂಟುಕಟ್ಟಿ ಇಟ್ಟಿರುವ ಹಳೆಯ ಬಟ್ಟೆಯ ವಿಷಯ. ಇದು ಹೆಂಗಸರ ಮಾತೆಂದು ಗಂಡಸರು ನಡುವೆಯೇ ಎದ್ದು ಹೋಗಬಾರದೆಂದು ಮೊದಲೇ ವಿನಂತಿಸುತ್ತೇನೆ. ಮಾತಿನ ಕೊನೆಗೆ ಕೂಲಿಯ ಲೆಕ್ಕ ಬರುತ್ತದೆ. ಆ ಲೆಕ್ಕವನ್ನು ಮುಖ್ಯವಾಗಿ ಗಂಡಸರೇ ಕೇಳಬೇಕಾಗಿದೆ.

ನಮ್ಮ ಗಂಟು ಎಲ್ಲಿಗೆ ಹೋಗುತ್ತದೆ?

ಒಂದು ಮನೆಯಲ್ಲಿ ಐದಾರು ಜನರಿದ್ದರೆ ವರ್ಷ ಕಳೆಯುವುದರಲ್ಲಿ ಒಂದು ದೊಡ್ಡ ಗಂಟು ಹಳೆಯ ಬಟ್ಟೆ ಉಳಿಯುತ್ತದೆ. ಸೆರಗು ಹರಿದ ಸೀರೆ, ಅಂಚು ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಹಿಂಬದಿ ತೂತಾದ ಚಡ್ಡಿ ಎಲ್ಲವೂ ಅದರಲ್ಲಿರುತ್ತವೆ. ಈ ಗಂಟಿಗೆ ಇಂದು ಮೂರು ದಾರಿಗಳಿವೆ. ಮೊದಲನೆಯದು, ಓಣಿಗೆ ಬರುವ ಪಾತ್ರೆಯವರಿಗೆ ಕೊಟ್ಟು ಒಂದು ಸ್ಟೀಲ್ ಡಬ್ಬಿ ತೆಗೆದುಕೊಳ್ಳುವುದು. ಎರಡನೆಯದು, ತಿಪ್ಪೆಗೋ ಹಳ್ಳಕ್ಕೋ ಎಸೆಯುವುದು, ಇಲ್ಲವೆ ಬದುವಿನ ಮೇಲೆ ಸುಡುವುದು. ಮೂರನೆಯದು, ಕೌದಿ ಹೊಲಿಯುವುದು. ಮೊದಲೆರಡು ದಾರಿಗಳು ದಿನದಿನಕ್ಕೆ ಅಗಲವಾಗುತ್ತಿವೆ; ಮೂರನೆಯದರಲ್ಲಿ ಹುಲ್ಲು ಬೆಳೆಯುತ್ತಿದೆ.

ಪಾತ್ರೆಯವರು ಕೊಂಡೊಯ್ದ ಬಟ್ಟೆ ವ್ಯರ್ಥವಾಗುತ್ತದೆಂದು ತಿಳಿಯಬೇಡಿ. ಅದರಲ್ಲಿ ಗಟ್ಟಿಯಾದುದು ಹಳೆಯ ಬಟ್ಟೆಯ ಪೇಟೆಯಲ್ಲಿ ಮತ್ತೆ ಮಾರಾಟವಾಗುತ್ತದೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಹಿಂಜಿ, ನೂಲು ಮಾಡಿ, ಕಂಬಳಿ ನೇಯುವ ದೊಡ್ಡ ಉದ್ಯಮವೇ ನಡೆದುಬಂದಿದೆ. ದೂರದಲ್ಲಿರುವವರು ಚಿಂದಿಯಲ್ಲಿ ಬೆಲೆಯನ್ನು ಕಾಣುತ್ತಾರೆ. ಅದು ಯಾರ ಮನೆಯದೋ ಅವರು ಮಾತ್ರ ಕಾಣುವುದಿಲ್ಲ.

ಸುಡುವುದನ್ನಂತೂ ಬಿಡಲೇಬೇಕು. ಹಿಂದಿನ ಧೋತರ, ಸೀರೆಗಳು ಹತ್ತಿಯವು. ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣಾಗುತ್ತಿದ್ದವು. ಇಂದಿನ ಬಟ್ಟೆಯಲ್ಲಿ ಬಹುಪಾಲು ಪಾಲಿಯೆಸ್ಟರ್. ಅದು ಕೊಳೆಯುವುದಿಲ್ಲ, ಸುಟ್ಟರೆ ಕರಗಿ ಅಂಟಾಗುತ್ತದೆ, ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು.

ನಾಲ್ಕು ಭಾಷೆಗಳ ಒಂದು ಹೊದಿಕೆ

ನಮ್ಮದು ಕನ್ನಡ, ಮರಾಠಿ, ತೆಲುಗು, ಉರ್ದು ಕೂಡುವ ನಾಡು. ನಾವು ಕೌದಿ ಎನ್ನುವುದನ್ನು ಮರಾಠಿಯವರು ಗೋಧಡಿ ಎನ್ನುತ್ತಾರೆ, ತೆಲುಗಿನವರು ಬೊಂತ ಎನ್ನುತ್ತಾರೆ, ಉರ್ದು ಮಾತನಾಡುವವರು ಗುದಡಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಕೆಲಸ ಒಂದೇ. ಕೆಳಗೆ ಒಂದು ಹಳೆಯ ಸೀರೆ, ನಡುವೆ ನಾಲ್ಕಾರು ಪದರು ಸವೆದ ಬಟ್ಟೆ, ಮೇಲೆ ಬಣ್ಣಬಣ್ಣದ ತುಂಡುಗಳು. ಎಲ್ಲವನ್ನೂ ಸೇರಿಸಿ ಸೂಜಿಯನ್ನು ಮೇಲೆ ಕೆಳಗೆ ಹಾಯಿಸುತ್ತ ಸಾಲುಸಾಲಾಗಿ ಹೊಲಿಯುತ್ತಾರೆ. ಸುಗ್ಗಿ ಮುಗಿದ ಮೇಲೆ, ಬೇಸಿಗೆಯ ಮಧ್ಯಾಹ್ನ, ಕಟ್ಟೆಯ ಮೇಲೆ ನಾಲ್ಕು ಜನ ಕೂಡಿ ಒಂದೊಂದು ಮೂಲೆ ಹಿಡಿದು ಹೊಲಿಯುವುದು ರೂಢಿ. ಗೊಂದಲಿಗರೇ ಮೊದಲಾದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವುದೂ ಉಂಟು.

ಸೂಜಿಯ ಕೆಲಸವನ್ನು ಕೀಳೆಂದು ತಿಳಿಯುವುದಕ್ಕೆ ಈ ಭಾಗದಲ್ಲಿ ಕಾರಣವೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಸೂಜಿ ಹಿಡಿದ ಕೈಗೂ ಲೇಖನಿ ಹಿಡಿದ ಕೈಗೂ ಒಂದೇ ಮರ್ಯಾದೆ ಎಂಬುದು ಬಸವಕಲ್ಯಾಣದ ನೆಲ ಕಲಿಸಿದ ಪಾಠ.

ಇನ್ನು, ಕೌದಿಯೆಂದರೆ ಚಪ್ಪಟೆಯಾದ ಹಾಸಿಗೆ ಮಾತ್ರವೆಂದು ತಿಳಿಯಬಾರದು. ಅದೇ ಹೊಲಿಗೆಯಿಂದ ನಮ್ಮ ಹಿರಿಯರು ಎಷ್ಟೋ ಆಕಾರಗಳನ್ನು ಮಾಡಿದ್ದಾರೆ. ಕೂಸಿನ ತಲೆಗೆ ಕುಂಚಿಗೆ, ಕೊಡ ಹೊರುವುದಕ್ಕೆ ಸಿಂಬಿ, ಎಲೆ ಅಡಿಕೆಗೆ ಪದರುಪದರಾದ ಚಂಚಿ, ಎತ್ತಿನ ಬೆನ್ನಿಗೆ ಜೂಲು, ಮಗುವಿನ ಕೈಗೆ ಚಿಂದಿಯ ಗೊಂಬೆ. ಕುಂಚಿಗೆಯನ್ನು ನೆಲದ ಮೇಲಿಟ್ಟರೆ ಗುಡಿಯ ಹಾಗೆ ನಿಲ್ಲುತ್ತದೆ. ಸಿಂಬಿ ಗಾಲಿಯ ಹಾಗೆ ದುಂಡಗಿರುತ್ತದೆ. ಬಟ್ಟೆಗೆ ಮೈಕಟ್ಟು ಕೊಡುವ ವಿದ್ಯೆ ಇದು. ಕಲ್ಲಿನಲ್ಲಿ, ಮಣ್ಣಿನಲ್ಲಿ ಮಾಡಿದ್ದನ್ನು ನಾವು ಶಿಲ್ಪವೆನ್ನುತ್ತೇವೆ. ಬಟ್ಟೆಯಲ್ಲಿ ಮಾಡಿದ್ದಕ್ಕೆ ಆ ಹೆಸರನ್ನು ಕೊಡುವ ಅಭ್ಯಾಸ ನಮಗಿಲ್ಲ. ಅಷ್ಟೇ ವ್ಯತ್ಯಾಸ.

ಬೇರೆ ಕಡೆ ಏನಾಗಿದೆ?

ಇದು ಬರಿಯ ಹೊಗಳಿಕೆಯಲ್ಲ ಎಂಬುದನ್ನು ತೋರಿಸಲು ಕೆಲವು ಉದಾಹರಣೆಗಳನ್ನು ಹೇಳುತ್ತೇನೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಿನ ಅಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ತೊಡಗಿ, ತುಂಡಿಗೆ ತುಂಡು ಸೇರಿಸುತ್ತ, ಸುತ್ತು ಹಾಕುತ್ತ ನಡುವಿಗೆ ಬರುವುದು ಅವರ ಕ್ರಮ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಪುಟ್ಟ ಹೂವನ್ನು ಕೂಡಿಸುತ್ತಾರೆ. ಅದಕ್ಕೆ ಫುಲಾ ಎಂದು ಹೆಸರು. ಫುಲಾ ಇಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾದ ಕೌದಿಯಲ್ಲ. ಈ ಕೌದಿಗಳ ಪ್ರದರ್ಶನವು ೨೦೧೧ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ನಡೆಯಿತು. ಚಳಿಗೆ ಹೊದೆಯಲೆಂದು ಹೊಲಿದದ್ದನ್ನು ಅಲ್ಲಿ ಗೋಡೆಗೆ ತೂಗುಹಾಕಿ ಚಿತ್ರದಂತೆ ನೋಡಿದರು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಗೆ ಭೌಗೋಳಿಕ ಗುರುತು ದೊರೆತಿದೆ. ೨೦೨೩ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-೨೦ ರಾಷ್ಟ್ರಗಳ ಸಭೆ ನಡೆದಾಗ ಅಲ್ಲಿನ ಕುಶಲಕಲಾ ಕೇಂದ್ರದ ೪೫೦ಕ್ಕೂ ಹೆಚ್ಚು ಹೆಂಗಸರು ಹೊಲಿದ ೧,೭೫೫ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ನಮ್ಮ ತಾಂಡಾಗಳಲ್ಲಿಯೂ ಇಂಥ ಕೈಗಳಿವೆಯೆಂಬುದು ನಿಮಗೆ ಗೊತ್ತು.

ಇನ್ನೊಂದು ಉದಾಹರಣೆ ಹತ್ತಿ ಬೆಳೆಯುವ ಬಡ ರೈತರದು. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನಲ್ಲಿ ಗೀಸ್ ಬೆಂಡ್ ಎಂಬ ಊರಿದೆ. ಹಿಂದೆ ಗುಲಾಮರಾಗಿದ್ದ ಕರಿಯ ಜನರ ವಂಶದವರು ಅಲ್ಲಿ ಹತ್ತಿಯ ಹೊಲಗಳಲ್ಲಿ ದುಡಿದರು. ಅವರ ಹೆಂಗಸರು ಹೊಲದಲ್ಲಿ ತೊಟ್ಟು ಸವೆದ ಷರಾಯಿ, ಅಂಗಿಗಳಿಂದ ಹೊದಿಕೆ ಹೊಲಿಯುತ್ತಿದ್ದರು. ೨೦೦೨ರಲ್ಲಿ ಆ ಹೊದಿಕೆಗಳನ್ನು ಹ್ಯೂಸ್ಟನ್ನಿನಲ್ಲಿಯೂ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿಯೂ ಪ್ರದರ್ಶಿಸಿದರು. ೨೦೦೬ರಲ್ಲಿ ಅಮೆರಿಕದ ಅಂಚೆಯಿಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಆದರೆ ಮುಂದಿನ ಸಂಗತಿಯನ್ನೂ ಕೇಳಿರಿ. ೨೦೦೭ರಲ್ಲಿ ಅಲ್ಲಿನ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆ ವ್ಯಾಜ್ಯಗಳು ಮುಗಿದವು. ಅದರಲ್ಲಿ ಯಾರದು ಸರಿ ಎಂಬ ವಿಚಾರ ಇಲ್ಲಿ ಬೇಡ. ಹೆಸರು ಬಂದ ಮೇಲೆ ಲೆಕ್ಕ ಕೇಳುವುದಕ್ಕಿಂತ ಹೆಸರು ಬರುವ ಮೊದಲೇ ಲೆಕ್ಕ ಬರೆದಿಡುವುದು ಮೇಲು ಎಂಬುದೊಂದನ್ನು ನಾವು ಅದರಿಂದ ಕಲಿತರೆ ಸಾಕು.

ನಮ್ಮ ದೇಶದವರೇ ಆದ ಮೃಣಾಲಿನಿ ಮುಖರ್ಜಿ (೧೯೪೯-೨೦೧೫) ಎಂಬ ಶಿಲ್ಪಿ ಬಣ್ಣ ಹಾಕಿದ ನಾರಿನ ಹಗ್ಗವನ್ನು ಹಿಡಿದರು. ಗಂಟಿನ ಮೇಲೆ ಗಂಟು ಹಾಕುತ್ತ ಆಳೆತ್ತರದ ಮೂರ್ತಿಗಳನ್ನು ಮಾಡಿದರು. ೨೦೧೯ರಲ್ಲಿ ನ್ಯೂಯಾರ್ಕಿನ ದೊಡ್ಡ ಸಂಗ್ರಹಾಲಯವೊಂದು ಅವರ ಜೀವಮಾನದ ಕೆಲಸವನ್ನು ಪ್ರದರ್ಶಿಸಿತು. ಪುಂಡಿಯ ನಾರು ತೆಗೆದು ಹಗ್ಗ ಹೊಸೆಯುವುದು ನಮ್ಮ ರೈತನಿಗೆ ಹೊಸದೇ?

ಬಟ್ಟೆಗೆ ಮೈ ಬರುವುದು ಹೇಗೆ?

ಈಗ ಕೆಲಸದ ಮಾತಿಗೆ ಬರೋಣ. ಚಪ್ಪಟೆಯಾದ ಬಟ್ಟೆಗೆ ಮೈ ಕೊಡಲು ಐದು ಉಪಾಯಗಳಿವೆ. ಇವನ್ನು ಕಲಿತರೆ ಏನನ್ನಾದರೂ ಮಾಡಬಹುದು.

ಒಂದನೆಯದು, ಹೊಲಿಗೆಯ ಬಿಗಿ. ಪದರು ಬಟ್ಟೆಯಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಹೊಲಿದ ಕಡೆ ತಗ್ಗಾಗುತ್ತದೆ, ಹೊಲಿಯದೆ ಬಿಟ್ಟ ಕಡೆ ಉಬ್ಬುತ್ತದೆ. ಬಿಗಿದಲ್ಲಿ ತಗ್ಗು, ಬಿಟ್ಟಲ್ಲಿ ಉಬ್ಬು ಎಂದು ನೆನಪಿಡಿ. ಎರಡನೆಯದು, ನೆರಿಗೆ. ಅಂಚಿನಲ್ಲಿ ದಾರ ಹಾಯಿಸಿ ಎಳೆದರೆ ಬಟ್ಟೆ ಬಟ್ಟಲಿನಂತೆ ಕುಳಿಯಾಗುತ್ತದೆ. ಕುಂಚಿಗೆಯ ಹಿಂಭಾಗ ದುಂಡಗಾಗುವುದು ಹೀಗೆಯೇ. ಮೂರನೆಯದು, ನಡುಪಟ್ಟಿ. ಎರಡು ತುಂಡುಗಳ ನಡುವೆ ಒಂದು ಪಟ್ಟಿಯನ್ನು ಕೂಡಿಸಿದರೆ ಅಗಲ ಬರುತ್ತದೆ. ನಾಲ್ಕನೆಯದು, ಸುರುಳಿ. ಚಿಂದಿಯನ್ನು ಹಗ್ಗದಂತೆ ಹೊಸೆದು, ಸುತ್ತಿ, ಸುತ್ತಿನಿಂದ ಸುತ್ತಿಗೆ ಹೊಲಿದರೆ ಸಿಂಬಿಯಂತೆ ಗಟ್ಟಿಯಾಗುತ್ತದೆ. ಐದನೆಯದು, ಮಡಿಕೆಯ ಹೂವು. ಚೌಕ ತುಂಡನ್ನು ಎರಡು ಸಲ ಮೂಲೆಗೆ ಮೂಲೆ ಮಡಿಸಿದರೆ ತ್ರಿಕೋನದ ಎಸಳು ಬರುತ್ತದೆ. ಇಂಥ ಎಸಳುಗಳನ್ನು ಒಂದರ ಮೇಲೊಂದಿಟ್ಟು ಹೊಲಿಯಬಹುದು.

ದೇವಣಿ ಎತ್ತು ಮಾಡುವ ಕ್ರಮ

ಕಾರಹುಣ್ಣಿಮೆಗೆ ಎತ್ತನ್ನು ಸಿಂಗರಿಸುತ್ತೇವೆ. ಹದಿನೈದು ದಿನ ಕಳೆದು ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸುತ್ತೇವೆ. ಮಣ್ಣಿನ ಎತ್ತಿಗೆ ಕೊಂಬು ತಿದ್ದದ ರೈತನ ಮಗ ಯಾರಿದ್ದಾನೆ? ಆ ಕೈಯೇ ಬಟ್ಟೆಯ ಎತ್ತನ್ನೂ ಮಾಡಬಲ್ಲದು. ಅದರಲ್ಲಿಯೂ ನಮ್ಮ ದೇವಣಿ ತಳಿ ಚಿಂದಿಯ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಬಿಳಿಯ ಮೈ, ಮುಖದಲ್ಲಿ ಕಪ್ಪು ಇದ್ದರೆ ವನ್ನೇರಾ. ಮೈಯೆಲ್ಲ ಬಿಳಿದಾದರೆ ಬಾಲಂಕ್ಯಾ. ಬಿಳಿಯ ಮೈಮೇಲೆ ಅಲ್ಲಲ್ಲಿ ಕರಿಯ ಮಚ್ಚೆಗಳಿದ್ದರೆ ಶೇವೆರಾ. ಶೇವೆರಾ ಎತ್ತೆಂದರೆ ದೇವರೇ ತೇಪೆ ಹಾಕಿ ಹೊಲಿದ ಎತ್ತು. ಹಳೆಯ ಧೋತರದ ಬಿಳಿ, ಹಳೆಯ ಕರಿಯ ಕುಪ್ಪಸದ ತುಂಡು ಇವೆರಡು ಸಾಕು.

ಮೊದಲು ಬಟ್ಟೆಯನ್ನು ಆರಿಸಬೇಕು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಜಗ್ಗಿ ನೋಡಿ. ಪಿಸಿದರೆ ಅದು ಒಳಗೆ ತುಂಬುವುದಕ್ಕೆ, ತಡೆದರೆ ಮೇಲ್ಮೈಗೆ. ಹತ್ತಿ ಯಾವುದು, ಪಾಲಿಯೆಸ್ಟರ್ ಯಾವುದು ಎಂದು ಸಂದೇಹ ಬಂದರೆ ಒಂದೆಳೆ ದಾರವನ್ನು ತೆಗೆದು ತಟ್ಟೆಯ ಮೇಲೆ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಕ್ಕಳನ್ನು ದೂರವಿಟ್ಟು ಈ ಪರೀಕ್ಷೆ ಮಾಡಿರಿ. ಮೈಗೆ ಹತ್ತುವ ಕೌದಿ, ಕುಂಚಿಗೆಗಳಿಗೆ ಹತ್ತಿಯನ್ನೇ ಬಳಸಬೇಕು. ಅದು ಬೆವರನ್ನು ಹೀರುತ್ತದೆ. ಪಾಲಿಯೆಸ್ಟರನ್ನು ನೋಡುವುದಕ್ಕೆ ಇಡುವ ವಸ್ತುಗಳಿಗೆ ಬಳಸಬಹುದು. ಆದರೆ ಒಲೆಯ ಹತ್ತಿರ, ದೀಪದ ಹತ್ತಿರ ಅವನ್ನು ಇಡಕೂಡದು.

ಆಮೇಲೆ ತೊಳೆಯಬೇಕು. ಹತ್ತಿ ಬಟ್ಟೆಯನ್ನು ಬಿಸಿನೀರಿಗೆ ಸೋಡ ಹಾಕಿ ನೆನೆಸಿ, ಒಗೆದು, ಬಲವಾದ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ತೇವ ಉಳಿದರೆ ಬೂಷ್ಟು ಹಿಡಿದು ಎಲ್ಲ ಶ್ರಮವೂ ಹಾಳಾಗುತ್ತದೆ. ಗುಂಡಿ, ಕೊಕ್ಕೆ, ಪಿನ್ನುಗಳನ್ನು ಕಿತ್ತು ಡಬ್ಬಿಯಲ್ಲಿಡಿ. ಹೊಲಿಯುವವರೆಗೆ ಬಟ್ಟೆಯ ಗಂಟಿನಲ್ಲಿ ನಾಲ್ಕು ಒಣ ಬೇವಿನ ಎಲೆಗಳನ್ನು ಹಾಕಿರಿ.

ಮೂರನೆಯ ಹಂತ, ಮೇಲ್ಮೈಯನ್ನು ಸಿದ್ಧಪಡಿಸುವುದು. ಎತ್ತಿಗೆ ದಪ್ಪ ಕೌದಿ ಬೇಡ. ದಪ್ಪವಾದರೆ ಮಗುಚಲು ಬರುವುದಿಲ್ಲ. ಮೇಲೊಂದು ಬಟ್ಟೆ, ಒಳಗೊಂದು ಬಟ್ಟೆ, ಇಷ್ಟೇ ಸಾಕು. ಬಿಳಿಯ ಬಟ್ಟೆಯ ಮೇಲೆ ಮಚ್ಚೆ ಬರಬೇಕಾದಲ್ಲಿ ಕರಿಯ ತುಂಡುಗಳನ್ನಿಟ್ಟು, ಅಂಚನ್ನು ಒಳಗೆ ಮಡಿಸಿ, ಅರ್ಧ ಬೆರಳಿನ ಅಂತರದಲ್ಲಿ ಸಾಲುಹೊಲಿಗೆ ಹಾಕಿ. ಪಕ್ಕೆಯ ಮೇಲೆ ಸಾಲುಗಳು ಬಾಗಿಕೊಂಡು ಹೋದರೆ ಎಲುಬಿನ ರೇಖೆಯೂ ಕಾಣುತ್ತದೆ.

ನಾಲ್ಕನೆಯದು, ಕತ್ತರಿಸುವುದು. ಹಳೆಯ ಪತ್ರಿಕೆಯ ಮೇಲೆ ಒಂದೂವರೆ ಗೇಣು ಉದ್ದದ ಎತ್ತನ್ನು ಪಕ್ಕದಿಂದ ಕಂಡಂತೆ ಬರೆಯಿರಿ. ಅದಕ್ಕೆ ಮುಂದೊಂದು ಕಾಲು, ಹಿಂದೊಂದು ಕಾಲು ಇರಲಿ. ಇದರಂತೆ ಎರಡು ಪಕ್ಕಗಳು ಬೇಕು, ಒಂದಕ್ಕೊಂದು ಎದುರಾಗಿ. ಹೊಟ್ಟೆಯ ಕೆಳಭಾಗಕ್ಕೆ, ಕಾಲುಗಳ ಒಳಮೈಯೂ ಸೇರಿದಂತೆ, ಇನ್ನೆರಡು ತುಂಡುಗಳು ಬೇಕು. ತಲೆ ಚಪ್ಪಟೆಯಾಗದಂತೆ ಹಣೆಯಿಂದ ಮೂಗಿನವರೆಗೆ ಎರಡು ಬೆರಳು ಅಗಲದ ಪಟ್ಟಿಯೊಂದು ಬೇಕು. ಗೆರೆಯ ಮೇಲೆ ಮೊದಲು ಒಂದು ಸುತ್ತು ಹೊಲಿದು, ಆಮೇಲೆ ಅರ್ಧ ಬೆರಳು ಹೊರಗೆ ಕತ್ತರಿಸಿ. ಹೊಲಿಯದೆ ಕತ್ತರಿಸಿದರೆ ಸಾಲುಹೊಲಿಗೆಯ ದಾರವೆಲ್ಲ ಬಿಚ್ಚಿಕೊಳ್ಳುತ್ತದೆ. ಹೊಸಬರು ಸೋಲುವುದು ಇಲ್ಲಿಯೇ.

ಐದನೆಯದು, ಕೂಡಿಸುವುದು. ಒಳಮೈಯನ್ನು ಹೊರಗೆ ಮಾಡಿಕೊಂಡು ಎಲ್ಲ ತುಂಡುಗಳನ್ನೂ ಜೋಡಿಸಿ ಹೊಲಿಯಿರಿ. ಹೊಟ್ಟೆಯ ನಡುವೆ ಮೂರು ಬೆರಳು ಹೋಗುವಷ್ಟು ಬಾಯಿ ಬಿಡಿ. ಬಾಗಿದ ಕಡೆಗಳಲ್ಲಿ ಹೊಲಿಗೆಗೆ ತಾಗದಂತೆ ಕತ್ತರಿಯಿಂದ ಸಣ್ಣ ಗೀರು ಕೊಟ್ಟರೆ ಮಗುಚಿದ ಮೇಲೆ ಸುಕ್ಕು ಬರುವುದಿಲ್ಲ. ಕಾಲಿನ ತುದಿಗೆ ದುಂಡು ಬಿಲ್ಲೆ ಹೊಲಿದರೆ ಗೊರಸಾಗುತ್ತದೆ, ಎತ್ತು ನೆಟ್ಟಗೆ ನಿಲ್ಲುತ್ತದೆ.

ಆರನೆಯದು, ತುಂಬುವುದು. ಪಿಸಿದ ಬಟ್ಟೆಯನ್ನು ಬೆರಳಗಲದ ಚೂರುಗಳಾಗಿ ಕತ್ತರಿಸಿ ತುಂಬಿ. ಮೊದಲು ಕಾಲು, ಆಮೇಲೆ ತಲೆ, ಕೊನೆಗೆ ಹೊಟ್ಟೆ. ಕೋಲಿನಿಂದ ಜಡಿದು ಜಡಿದು ತುಂಬಬೇಕು. ಮೆತ್ತಗಿದ್ದರೆ ನಾಲ್ಕು ದಿನಕ್ಕೆ ಎತ್ತು ಮಂಡಿಯೂರುತ್ತದೆ. ನೋಡಲಿಕ್ಕೆ ಇಡುವ ಎತ್ತಾದರೆ ಕಾಲಿನೊಳಗೆ ಚಿಂದಿ ಸುತ್ತಿದ ತೊಗರಿ ಕಟ್ಟಿಗೆಯನ್ನು ಹಾಕಬಹುದು. ಮಕ್ಕಳು ಆಡುವ ಎತ್ತಿಗೆ ಕಟ್ಟಿಗೆಯನ್ನೂ ಮಣಿಯನ್ನೂ ಗುಂಡಿಯನ್ನೂ ಹಾಕಬಾರದು. ಕಣ್ಣನ್ನು ದಾರದಿಂದಲೇ ಹೊಲಿಯಬೇಕು.

ಕೊನೆಯದು ಅಂಗಾಂಗ. ನೆರಿಗೆ ಹಿಡಿದು ತುಂಬಿದ ದುಂಡು ತುಂಡು ಹಿಣಿಲಾಗುತ್ತದೆ. ಮಡಿಕೆ ಬಿಟ್ಟ ಪಟ್ಟಿ ಗಂಗೆದೊಗಲಾಗುತ್ತದೆ. ಚಿಂದಿಯನ್ನು ಬಿಗಿಯಾಗಿ ಸುತ್ತಿದರೆ ಕೊಂಬು. ಬೆನ್ನಿಗೆ ಮಡಿಕೆಯ ಹೂಗಳ ಜೂಲನ್ನು ಹೊದಿಸಿ. ಸೀರೆಯ ಹಳೆಯ ಜರಿ ಅಂಚು ಹಣೆಕಟ್ಟಿಗೆ ಒದಗುತ್ತದೆ. ಹಿಣಿಲು ಎಷ್ಟೆತ್ತರ, ಗಂಗೆದೊಗಲು ಎಷ್ಟು ಇಳಿಬೀಳಬೇಕು, ಕಿವಿ ಎತ್ತ ಬಾಗಬೇಕು ಎಂಬುದನ್ನು ಹೇಳಬೇಕಾದವರು ಗಂಡಸರು. ನೊಗ ಹೂಡಿದವರ ಕಣ್ಣಿಗೆ ಎತ್ತಿನ ಮೈಕಟ್ಟು ಗೊತ್ತಿರುವಷ್ಟು ಪೇಟೆಯ ಕಲಾವಿದನಿಗೆ ಗೊತ್ತಿರಲಾರದು. ಟ್ರ್ಯಾಕ್ಟರು ಬಂದ ಮೇಲೆ ಕೊಟ್ಟಿಗೆಯಲ್ಲಿ ಎತ್ತು ಕಡಿಮೆಯಾಗಿದೆ. ಮುಂದಿನ ಮಕ್ಕಳು ದೇವಣಿಯ ಲಕ್ಷಣವನ್ನು ಕೈಯಲ್ಲಿ ಹಿಡಿದು ನೋಡುವುದಕ್ಕೂ ಈ ಕೆಲಸ ಸಹಾಯಕವಾಗುತ್ತದೆ.

ಕೂಲಿಯ ಲೆಕ್ಕ

ಈಗ ನಾನು ಮೊದಲು ಹೇಳಿದ ಲೆಕ್ಕ. "ಕೌದಿಗೇನು ಖರ್ಚು? ಬಟ್ಟೆ ಹಳೆಯದು, ಕೆಲಸ ಬಿಡುವಿನದು" ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಈ ಮಾತಿನಲ್ಲಿ ಒಂದು ದೊಡ್ಡ ಅನ್ಯಾಯ ಅಡಗಿದೆ. ಹೊಲದಲ್ಲಿ ಕಳೆ ತೆಗೆದ ದಿನಕ್ಕೆ ಕೂಲಿಯುಂಟು. ಕಣ್ಣು ನೋಯುವಂತೆ, ಬೆರಳು ತೂತಾಗುವಂತೆ ಹೊಲಿದ ದಿನಕ್ಕೆ ಕೂಲಿಯಿಲ್ಲ. ಹೆಣ್ಣಿನ ಬಿಡುವೆಂಬುದು ಅಡಿಗೆ, ನೀರು, ಸೆಗಣಿ, ಕೂಸು ಎಲ್ಲ ಮುಗಿದ ಮೇಲೆ ಉಳಿದ ನಿದ್ರೆಯ ಸಮಯ. ಅದಕ್ಕೆ ಬೆಲೆಯಿಲ್ಲವೆಂದರೆ ಹೇಗೆ?

೨೦೨೫-೨೬ರ ಸಾಲಿಗೆ ಕರ್ನಾಟಕದಲ್ಲಿ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಯನ್ನು ದಿನಕ್ಕೆ ೩೭೦ ರೂಪಾಯಿ ಎಂದು ಗೊತ್ತುಮಾಡಿದ್ದರು. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಒಂದು ಕೌದಿಗೆ ೮೦ ಗಂಟೆ ಹಿಡಿಯಿತೆನ್ನಿ. ೮ ಗಂಟೆಗೆ ಒಂದು ದಿನದಂತೆ ೧೦ ದಿನ. ಕೂಲಿ ೩,೭೦೦ ರೂಪಾಯಿ. ಒಂದು ಎತ್ತಿಗೆ ೨೪ ಗಂಟೆ ಹಿಡಿಯಿತೆನ್ನಿ. ೩ ದಿನ, ಕೂಲಿ ೧,೧೧೦ ರೂಪಾಯಿ. ದಾರ, ಸೂಜಿ, ಸೋಡಕ್ಕೆ ೬೦ ರೂಪಾಯಿ ಸೇರಿಸಿದರೆ ೧,೧೭೦. ಇದು ಲಾಭವಿಲ್ಲದ ಅಸಲು. ಇನ್ನು ಪಾತ್ರೆಯವರು ಕೊಟ್ಟ ಡಬ್ಬಿಯ ಬೆಲೆಯನ್ನು ನೀವೇ ಹೋಲಿಸಿ ನೋಡಿರಿ.

ಬೀದರದ ಬಿದರಿ ಹೂಜಿಯನ್ನು ನೆನೆಸಿಕೊಳ್ಳಿ. ಅದರ ಒಡಲು ಸತು, ತಾಮ್ರದ ಎರಕ. ಅದಕ್ಕೆ ಕಪ್ಪು ಬಣ್ಣ ಬರುವುದು ಕೋಟೆಯ ಮಣ್ಣಿನಿಂದ. ಬೆಳ್ಳಿಯ ಎಳೆಗೆ ಬೆಲೆಯುಂಟು, ನಿಜ. ಆದರೆ ಜಗತ್ತು ಹಣ ಕೊಡುವುದು ಆ ಎಳೆಯನ್ನು ಕೂರಿಸಿದ ಕೈಗೆ. ಮಣ್ಣಿಗೆ ಬೆಲೆ ಬರಿಸಿದ ಜಿಲ್ಲೆಯವರು ನಾವು. ಚಿಂದಿಗೆ ಬೆಲೆಯಿಲ್ಲವೆನ್ನುವುದು ನಮ್ಮ ಬಾಯಲ್ಲಿ ಒಪ್ಪುವುದಿಲ್ಲ.

ಆದರೆ ಸುಳ್ಳು ಆಸೆಯನ್ನೂ ನಾನು ಹುಟ್ಟಿಸಲಾರೆ. ೩,೭೦೦ ರೂಪಾಯಿ ಕೊಟ್ಟು ಕೌದಿ ಕೊಳ್ಳುವವರು ನಮ್ಮ ಸಂತೆಯಲ್ಲಿ ಸಿಕ್ಕುವುದಿಲ್ಲ. ಅಂಗಡಿಯ ರಗ್ಗು ಅದಕ್ಕಿಂತ ಎಷ್ಟೋ ಅಗ್ಗ. ಆದುದರಿಂದ ಕೌದಿಯನ್ನು ಮೊದಲು ಮನೆಗಾಗಿ ಹೊಲಿಯಿರಿ. ಎರಡು ರಗ್ಗು ಕೊಳ್ಳುವುದು ತಪ್ಪಿದರೆ ಅದೂ ಸಂಪಾದನೆಯೇ. ಮಾರುವುದಕ್ಕೆ ಸಣ್ಣದನ್ನು, ಕಡಿಮೆ ಗಂಟೆ ಹಿಡಿಯುವುದನ್ನು, ನೋಡಿದೊಡನೆ ನಮ್ಮ ನಾಡಿನದೆಂದು ಗುರುತು ಸಿಕ್ಕುವುದನ್ನು ಮಾಡಿರಿ. ಎತ್ತು, ಕುಂಚಿಗೆ, ಗೋಡೆಗೆ ಹಾಕುವ ಮೊಳದುದ್ದದ ಕೌದಿ, ಇಂಥವು. ಕೂಲಿ ಗಿಟ್ಟದ ಬೆಲೆಗೆ ಕೇಳಿದರೆ ಕೊಡಬೇಡಿ, ಮನೆಯಲ್ಲಿಡಿ. ಬಟ್ಟೆ ಹಾಲಲ್ಲ, ಸಂಜೆಗೆ ಒಡೆಯುವುದಿಲ್ಲ.

ಸಂಘಗಳು ಮಾಡಬೇಕಾದ್ದು

ಸ್ವಸಹಾಯ ಸಂಘಗಳ ಸದಸ್ಯರಿಗೆ ನನ್ನ ಸಲಹೆಗಳು ಇವು. ಮೊದಲ ವರ್ಷ ಈ ಕೆಲಸಕ್ಕೆ ಸಾಲ ತೆಗೆಯಬೇಡಿ. ಬೀದರ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕು ಸಂಘಗಳಿಗೆ ಸಾಲ ಕೊಡುವುದರಲ್ಲಿ ಹೆಸರಾದದ್ದು ನಿಜ. ಆದರೆ ಸೂಜಿ, ದಾರ, ಹಳೆಯ ಬಟ್ಟೆಗೆ ಸಾಲವೇಕೆ? ಮಾರಾಟ ಕುದುರಿದ ಮೇಲೆ ಆ ವಿಚಾರ ಮಾಡಬಹುದು.

ಒಂದು ವಹಿಯನ್ನು ಇಡಿ. ಯಾರು ಹೊಲಿದರು, ಎಷ್ಟು ಗಂಟೆ, ಯಾವ ಬಟ್ಟೆ, ಎಷ್ಟಕ್ಕೆ ಹೋಯಿತು, ಇಷ್ಟನ್ನು ಬರೆಯಿರಿ. ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಂದ ಬರೆಯಿಸಿ. ಪ್ರತಿಯೊಂದು ವಸ್ತುವಿನ ಒಳಮೂಲೆಯಲ್ಲಿ ಹೊಲಿದವಳ ಹೆಸರನ್ನೂ ಊರನ್ನೂ ದಾರದಿಂದ ಹೊಲಿಯಿರಿ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಡಿ. ಯಾರಾದರೂ ಬಂದು ಪ್ರದರ್ಶನಕ್ಕೆಂದು ಕೇಳಿದರೆ ಎಷ್ಟು ದಿನಕ್ಕೆ, ಯಾವ ಷರತ್ತಿಗೆ, ಮಾರಿದರೆ ಯಾರಿಗೆ ಎಷ್ಟು ಎಂದು ಕಾಗದದ ಮೇಲೆ ಬರೆಯಿಸಿಕೊಂಡು ಕೊಡಿ. ಗೀಸ್ ಬೆಂಡಿನ ಕಥೆಯನ್ನು ಹೇಳಿದ್ದು ಇದಕ್ಕಾಗಿಯೇ.

ಕಲಿಸುವವರನ್ನು ಹೊರಗಿನಿಂದ ತರಬೇಕಾಗಿಲ್ಲ. ಪ್ರತಿಯೊಂದು ಊರಿನಲ್ಲಿಯೂ ಅರವತ್ತು ದಾಟಿದ ಒಬ್ಬಿಬ್ಬರು ತಾಯಂದಿರು ಕೌದಿಯಲ್ಲಿ ನುರಿತವರಿರುತ್ತಾರೆ. ತಾಂಡಾದಲ್ಲಿ ಕನ್ನಡಿ, ಕವಡೆಯ ಹೊಲಿಗೆ ಬಲ್ಲವರಿದ್ದಾರೆ. ಊರಿಗೆ ಬರುವ ಅಲೆಮಾರಿ ಹೊಲಿಗೆಯವರಿದ್ದಾರೆ. ಇವರನ್ನು ಕರೆದು ಕೂರಿಸಿ, ಕಲಿಸಿದ ದಿನಕ್ಕೆ ಕೂಲಿ ಕೊಟ್ಟು ಕಲಿಯಿರಿ. ಅವರಿಗೆ ಕೊಡುವಾಗ ಮಾತ್ರ ಹಳೆಯ ಲೆಕ್ಕ, ನಾವು ಕೇಳುವಾಗ ಹೊಸ ಲೆಕ್ಕ ಎಂದಾಗಬಾರದು. ಈ ತಾಯಂದಿರ ಕಣ್ಣು ಮಂಜಾದ ಮೇಲೆ ಯಾವ ಇಲಾಖೆಯೂ ಈ ವಿದ್ಯೆಯನ್ನು ಮರಳಿ ತಂದುಕೊಡಲಾರದು. ನಮಗೆ ಉಳಿದಿರುವ ಸಮಯ ಹೆಚ್ಚಿಲ್ಲ.

ತೀರಿಹೋದವರ ಬಟ್ಟೆಯನ್ನು ಕೌದಿಗೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ, ಕೆಲವು ಮನೆಗಳಲ್ಲಿಲ್ಲ. ನಿಮ್ಮ ಮನೆಯ ಪದ್ಧತಿಯಂತೆ ನಡೆಯಿರಿ. ಹಾಕುವ ರೂಢಿಯಿದ್ದರೆ ಅಜ್ಜನ ಧೋತರದ ತುಂಡು ಯಾವುದೆಂದು ಮೊಮ್ಮಕ್ಕಳಿಗೆ ಬೆರಳಿಟ್ಟು ತೋರಿಸಿ. ಅಂಗಡಿಯ ರಗ್ಗಿನಲ್ಲಿ ಆ ತುಂಡು ಸಿಕ್ಕುವ ಹಾಗಿಲ್ಲ.

ರೈತಬಾಂಧವರಲ್ಲಿ ಕೊನೆಯದಾಗಿ ಮೂರು ಕೆಲಸಗಳನ್ನು ಕೇಳಿಕೊಳ್ಳುತ್ತೇನೆ. ಈ ವಾರವೇ ಅಟ್ಟದ ಗಂಟನ್ನು ಇಳಿಸಿ ಮನೆಯವರೊಂದಿಗೆ ಕುಳಿತು ಆರಿಸಿರಿ. ಸುಡುವುದನ್ನು ನಿಲ್ಲಿಸಿರಿ. ಮನೆಯ ಹೆಣ್ಣುಮಕ್ಕಳು ಹೊಲಿಯಲು ಕುಳಿತ ಗಂಟೆಗಳನ್ನು ವಹಿಯಲ್ಲಿ ನೀವೇ ಬರೆಯಿರಿ. ಮುಂಬರುವ ಕಾರಹುಣ್ಣಿಮೆಯ ಹೊತ್ತಿಗೆ ಒಂದೊಂದು ಸಂಘದಿಂದ ಒಂದೊಂದು ಬಟ್ಟೆಯ ಎತ್ತು ಬರಲಿ. ಅದರ ಕೊರಳಿಗೆ ಹೊಲಿದವಳ ಹೆಸರಿನ ಚೀಟಿ, ಹಿಡಿದ ಗಂಟೆಗಳ ಲೆಕ್ಕ ಎರಡೂ ಇರಲಿ. ಎತ್ತು ಚೆನ್ನಾಗಿದೆಯೇ ಎಂದು ಎಲ್ಲರೂ ನೋಡುತ್ತಾರೆ. ಚೀಟಿ ಸರಿಯಾಗಿದೆಯೇ ಎಂದು ನೀವು ನೋಡಿರಿ.